ಹಿಂದೆ ಹಿಂದೆ ನಡೆಯುವ ಕೆಲಸ

ಗಂಟೆಗೆ ಹನ್ನೊಂದು ಡಾಲರ್ ಕೊಡುತ್ತಾರೆ ನನಗೆ
ಹಿಂದೆ ಹಿಂದೆ ನಡೆಯುವುದಕ್ಕೆ.
ಮುಖ ಬಂದವರ ಕಡೆ, ಬೆನ್ನು ಕಾಲೇಜಿನ ಕಡೆ,
ಬಾಯಲ್ಲಿ ಕಂಠಪಾಠ.
ಮೆಟ್ಟಿಲುಗಳ ಲೆಕ್ಕ ಹಿಮ್ಮಡಿಗೇ ಗೊತ್ತು:
ಲೈಬ್ರರಿಗೆ ಏಳು, ಮೆಸ್ಸಿಗೆ ನಾಲ್ಕು,
ಅದರಲ್ಲಿ ಮೂರನೆಯದು ಬಿರುಕು ಬಿಟ್ಟಿದೆ,
ಅದನ್ನು ತೋರಿಸುವಂತಿಲ್ಲ.

ಮಾರ್ಚ್ ಕಳೆಯುತ್ತ ಬಂದರೂ ಸುಪೀರಿಯರ್ ಸರೋವರ
ಇನ್ನೂ ಮಗ್ಗುಲು ಬದಲಿಸಿಲ್ಲ.
ದಂಡೆಯಲ್ಲಿ ಅದಿರಿನ ಹಡಗೊಂದು ಮಂಜುಗಡ್ಡೆ ಕಚ್ಚಿಕೊಂಡು ನಿಂತಿದೆ.
ಇವತ್ತು ಹದಿಮೂರು ಜನ.
ಅಪ್ಪಂದಿರು ಪಾರ್ಕಿಂಗ್ ಕೇಳುತ್ತಾರೆ, ಮಕ್ಕಳು ವೈಫೈ.
ಕಟ್ಟಕಡೆಗೆ ಒಬ್ಬ ಹೆಂಗಸು,
ಆಸ್ಪತ್ರೆಯ ನೀಲಿ ಅಂಗಿಯ ಮೇಲೇ ಕೋಟು ತೊಟ್ಟವಳು,
ಯಾವುದೋ ಬಿಲ್ಲಿನ ಬೆನ್ನಿನ ಮೇಲೆ ಬರೆದುಕೊಳ್ಳುತ್ತಿದ್ದಾಳೆ.
ಪಕ್ಕದಲ್ಲಿ ಉದ್ದನೆಯ ಮಗ, ಕಿವಿಗೆ ಬಿರಡೆ.

"ಹದಿನೆಂಟು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರು" ಅಂದೆ.
"ಆ ಒಬ್ಬರು ಸಿಗೋದು ಯಾವಾಗ?" ಅಂದಳು.

ಕಂಠಪಾಠದಲ್ಲಿ ಇದಕ್ಕೆ ಉತ್ತರವಿಲ್ಲ.
ಮಂಗಳವಾರ ಮೂರರಿಂದ ನಾಲ್ಕು, ಅಂದೆ.
ಬಾಗಿಲು ಅರ್ಧ ತೆರೆದಿರುತ್ತೆ, ಯಾರೂ ಹೋಗಲ್ಲ.
ನಾನೂ ಹೋಗಲಿಲ್ಲ, ಒಂದು ವರ್ಷ.
ದಡ್ಡಿ ಅಂದುಕೊಂಡಾರು ಅಂತ ಹೆದರಿ
ಕೆಮಿಸ್ಟ್ರಿಯಲ್ಲಿ ಫೇಲಾದೆ;
ಆಮೇಲೆ ಎಲ್ಲರಿಗೂ ಗೊತ್ತೇ ಆಯಿತು.
ಮತ್ತೆ ಕಟ್ಟಿದಾಗ ಹೋದೆ. ಲಿಂಡ್‌ಕ್ವಿಸ್ಟ್ ಮೇಷ್ಟ್ರು
ತಮ್ಮ ಸ್ಯಾಂಡ್‌ವಿಚ್ಚಲ್ಲಿ ಅರ್ಧ ಮುರಿದುಕೊಟ್ಟು
"ಎಲ್ಲಿಂದ ಅರ್ಥವಾಗಿಲ್ಲ?" ಅಂದರು.
ಮೊದಲಿಂದ, ಅಂದೆ.
ಅಲ್ಲಿಂದಲೇ ಶುರು ಮಾಡಿದರು.

ಅವಳು ಬರೆದುಕೊಂಡಳು.
ಸ್ಯಾಂಡ್‌ವಿಚ್ಚನ್ನೂ ಬರೆದುಕೊಂಡಳೇನೋ.

ಬಟ್ಟೆಯ ಮೂಟೆ ಹೊತ್ತು ಎದುರಾದ ಬ್ರಿಟಾ ಹೈಕಿನೆನ್,
ನನ್ನ ರೂಮಿನವಳು, ಕೂಗಿದಳು:
"ಎಂಟು ಗಂಟೆಯ ಕ್ಲಾಸು ತಗೋಬೇಡಿ!
ಪುಸ್ತಕ ಕೊಳ್ಳೋಕೆ ಒಂದು ವಾರ ತಡೀರಿ!
ಭಾನುವಾರ ಬಟ್ಟೆ ಒಗೆಯೋಕೆ ಬರಲೇಬೇಡಿ!"
ಅವಳೇ ಎಂಟು ಗಂಟೆಯ ಕ್ಲಾಸಿಗೆ ಓಡುವವಳು.
ಅಂದೂ ಭಾನುವಾರವೇ.

ಹಣಕಾಸಿನ ಕಿಟಕಿಯ ಮುಂದೆ ಎಲ್ಲರೂ ಮೆತ್ತಗಾದರು.
ಮೊದಲ ಪುಟದಲ್ಲಿ ಇರೋದು ಬೆಲೆಯಲ್ಲ, ಬೆದರಿಕೆ,
ಕೊನೆಯ ಪುಟ ನೋಡಿ, ಅಂದೆ. ಆಮೇಲೆ ದನಿ ತಗ್ಗಿಸಿ:
ಮೂಗಿಗಿಂತ ಮೂಗುತಿ ಭಾರ ಅನ್ನಿಸಿದರೆ
ಪಕ್ಕದೂರಿನ ಎರಡು ವರ್ಷದ ಕಾಲೇಜೂ ಕಾಲೇಜೇ.
(ಕಚೇರಿಗೆ ತಿಳಿದರೆ ಹನ್ನೊಂದು ಡಾಲರಿಗೆ ಸಂಚಕಾರ.)

"ನೀನು ಇದನ್ನೇ ಯಾಕೆ ಆರಿಸಿಕೊಂಡೆ?"

ಅದಕ್ಕೊಂದು ಉತ್ತರ ಕಾಲೇಜೇ ಅಚ್ಚು ಹಾಕಿಸಿ ಕೊಟ್ಟಿದೆ.
ನನ್ನದು ಬೇರೆ: ಆರನೇ ನಂಬರ್ ಬಸ್ಸು ಗೇಟಿಗೇ ಬರುತ್ತೆ,
ಓಡಿಸುವವನು ನಮ್ಮಪ್ಪ.
ಸೇರೋಕೆ ಇಷ್ಟು ಸಣ್ಣ ಕಾರಣ ಸಾಕಾಯಿತು.
ಉಳಿಯೋಕೆ ಸಾಕಾಗಲಿಲ್ಲ;
ಎರಡನೆಯ ಚಳಿಗಾಲ ಹೊಸದೊಂದು ಹುಡುಕಬೇಕಾಯಿತು.
ಏನು ಅಂತ ಅವಳು ಕೇಳಲಿಲ್ಲ. ಒಳ್ಳೆಯದಾಯಿತು.

ಕೊನೆಗೆ, ವಾಡಿಕೆಯಂತೆ, ಹುಡುಗನ ಕಡೆ ತಿರುಗಿದೆ:
ಏನು ಓದಬೇಕು ಅಂತಿದ್ದೀಯ?
ಒಂದು ಕಿವಿಯ ಬಿರಡೆ ತೆಗೆದ.
"ನಾನಾ? ನನಗಿನ್ನೂ ಹದಿನಾಲ್ಕು.
ಕಾರಲ್ಲಿ ಚಳಿ ಅಂತ ಇಳಿದು ಬಂದೆ.
ಸೇರೋದು ಅಮ್ಮ."

ಹದಿಮೂರೂ ಜನ ತಿರುಗಿ ನೋಡಿದರು.
ಬಿಲ್ಲು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.
ಜೇಬಿನ ಮೇಲೆ ಹೊಲಿದ ಹೆಸರು ಈಗ ಓದಿದೆ:
ಲೊರೆಟ್ಟಾ, ಲಾಂಡ್ರಿ ವಿಭಾಗ.
ಇಷ್ಟು ಹೊತ್ತು ನಾನು ಅವಳ ಮಗನಿಗೆ
ಬುದ್ಧಿ ಹೇಳುತ್ತಿದ್ದೆ.

"ಇನ್ನೊಂದೇ ಒಂದು," ಅಂದಳು.
"ಮೊದಲ ದಿನ ಎಲ್ಲಿ ಕೂರೋದು?"

ಬಾಗಿಲ ಹತ್ತಿರ ಬೇಡ, ಅಂದೆ.
ಅಲ್ಲಿ ಕೂತರೆ ಎದ್ದು ಹೋಗೋದು ಸುಲಭ.

ಆಮೇಲೆ ಎಲ್ಲರ ಹಾಗೆ ಮುಂದಕ್ಕೆ ತಿರುಗಿ
ಅವಳ ಪಕ್ಕ ನಡೆದೆ. ಮೆಸ್ಸಿನ ಮುಂದೆ ನಿಂತು
ಕಾಲಲ್ಲೇ ತೋರಿಸಿದೆ:
ಮೂರನೇ ಮೆಟ್ಟಿಲು. ಬಿರುಕಿದೆ, ನೋಡಿಕೊಂಡು ಹತ್ತಿ.